ಕಂಟೇನರ್ ಬಂದ ಮೇಲೆ ವರ್ಚುವಲ್ ಮಷೀನ್‌ಗೆ ಏನು ಕೆಲಸ?

ಓದುಗರ ಪ್ರಶ್ನೆ, ತಂತ್ರಜ್ಞಾನ ಅಂಕಣದ ಉತ್ತರ

ಕಳೆದ ಸಂಚಿಕೆಯಲ್ಲಿ ಕಂಟೇನರ್‌ಗಳನ್ನು, ಅಂದರೆ ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದ ಕಡತಗಳೊಂದಿಗೆ ಕಟ್ಟಿ ಪ್ರತ್ಯೇಕವಾಗಿ ಓಡಿಸುವ ವ್ಯವಸ್ಥೆಯನ್ನು, ಪರಿಚಯಿಸುವ ಲೇಖನ ಪ್ರಕಟವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂದೇಹವನ್ನು ಬೇರೆ ಬೇರೆ ದಿಕ್ಕಿನಿಂದ ಕೇಳಿವೆ. ಕಂಟೇನರ್ ಮತ್ತು ಕ್ಲೌಡ್ ಇಷ್ಟು ಬಳಕೆಗೆ ಬಂದಿರುವಾಗ ಹೈಪರ್‌ವೈಸರ್ ಎಂಬ ತಂತ್ರಾಂಶದ ನೆರವಿನಿಂದ ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಮಷೀನ್‌ಗಳನ್ನು, ಅಂದರೆ ಸ್ವಂತ ಕಾರ್ಯಾಚರಣಾ ವ್ಯವಸ್ಥೆಯಿರುವ ಹುಸಿ ಯಂತ್ರಗಳನ್ನು, ನಡೆಸುವ ಹಳೆಯ ಪದ್ಧತಿಯ ವರ್ಚುವಲೈಸೇಷನ್ ಉಳಿಯುತ್ತದೆಯೇ, ಉಳಿದರೆ ಎಲ್ಲಿ ಎಂಬುದು ಆ ಸಂದೇಹ. ಎಲ್ಲ ಪತ್ರಗಳಿಗೂ ಇಲ್ಲಿ ಜಾಗವಿಲ್ಲದ ಕಾರಣ ಕೆಲವನ್ನು ಆರಿಸಿ, ಸಂಕ್ಷೇಪಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೇನೆ. ನಮ್ಮ ಪಠ್ಯದಲ್ಲಿ ಹೈಪರ್‌ವೈಸರ್ ಮತ್ತು ವರ್ಚುವಲ್ ಮಷೀನ್‌ಗಳಿಗೆ ಇಡೀ ಒಂದು ಘಟಕವನ್ನೇ ಮೀಸಲಿಟ್ಟಿದ್ದಾರೆ. ಕ್ಯಾಂಪಸ್ ಸಂದರ್ಶನಕ್ಕೆ ತರಬೇತಿ ಕೊಡುವವರು ಮಾತ್ರ ‘ಅದೆಲ್ಲ ಹಳೆಯದಾಯಿತು, ಡಾಕರ್ ಮತ್ತು ಕುಬರ್ನೆಟಿಸ್ ಕಲಿತರೆ ಸಾಕು’ ಎನ್ನುತ್ತಾರೆ. ಆ ಘಟಕವನ್ನು ಓದಿ ಪ್ರಯೋಜನವಿದೆಯೇ?
ವಿದ್ಯಾರ್ಥಿನಿ, ಹಾಸನ

ಉತ್ತರ: ಖಂಡಿತ ಇದೆ. ತರಬೇತುದಾರರ ಮಾತು ಅರ್ಧ ಸರಿ. ಡಾಕರ್ ಎಂಬುದು ಕಂಟೇನರ್‌ಗಳನ್ನು ಕಟ್ಟಿ ಓಡಿಸುವ ಸಾಧನ, ಕುಬರ್ನೆಟಿಸ್ ಅವನ್ನು ಹಲವು ಯಂತ್ರಗಳ ಮೇಲೆ ಹಂಚಿ ನಡೆಸುವ ವ್ಯವಸ್ಥೆ. ಹೊಸದಾಗಿ ಬರೆಯುವ ತಂತ್ರಾಂಶವನ್ನು ಕಂಟೇನರ್‌ನಲ್ಲಿ ಕಟ್ಟಿ ಕಳುಹಿಸುವುದು ಇಂದು ರೂಢಿಯಾಗಿರುವುದರಿಂದ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಡಾಕರ್ ನಿಮ್ಮ ಕೈಗೆ ಬರುತ್ತದೆ. ಆದರೆ ಆ ಕಂಟೇನರ್ ಯಾವುದರ ಮೇಲೆ ನಿಂತಿದೆ ಎಂದು ಕೆಳಗೆ ಇಣುಕಿದರೆ ಬಹುತೇಕ ಕಡೆ ಅಲ್ಲಿ ಒಂದು ವರ್ಚುವಲ್ ಮಷೀನ್ ಇರುತ್ತದೆ.

ಇದನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಪರೀಕ್ಷಿಸಬಹುದು. ವಿಂಡೋಸ್ ಯಂತ್ರದಲ್ಲಿ ಡಾಕರ್ ಡೆಸ್ಕ್‌ಟಾಪ್ ಅಳವಡಿಸಿ, ಉಬುಂಟು ಎಂಬ ಲಿನಕ್ಸ್ ಬಗೆಯ ಒಂದು ಕಂಟೇನರ್ ತೆರೆದು, ಅದರೊಳಗೆ ‘ಯುನೇಮ್ -ಆರ್’ ಎಂಬ ಆದೇಶ ಕೊಡಿ. ತೆರೆದದ್ದು ಉಬುಂಟು, ಆದರೆ ಉತ್ತರವಾಗಿ ಬರುವ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಹೆಸರಿನ ಬಾಲದಲ್ಲಿ ‘ಮೈಕ್ರೋಸಾಫ್ಟ್’, ‘ಡಬ್ಲ್ಯುಎಸ್‌ಎಲ್2’ ಎಂಬ ಪದಗಳು ಕಾಣುತ್ತವೆ. ಕಂಟೇನರ್‌ಗೆ ಸ್ವಂತ ಕರ್ನಲ್ ಇರುವುದಿಲ್ಲ, ತಾನಿರುವ ಯಂತ್ರದ ಕರ್ನಲ್ಲನ್ನೇ ಅದು ಇತರ ಕಂಟೇನರ್‌ಗಳೊಂದಿಗೆ ಹಂಚಿಕೊಳ್ಳುತ್ತದೆ. ಲಿನಕ್ಸ್ ಕಂಟೇನರ್‌ಗೆ ಲಿನಕ್ಸ್ ಕರ್ನಲ್ಲೇ ಬೇಕು. ವಿಂಡೋಸ್‌ನಲ್ಲಿ ಅದು ಇಲ್ಲದ್ದರಿಂದ ಮೈಕ್ರೋಸಾಫ್ಟ್‌ನ ಹೈಪರ್‌ವೈಸರ್ ಆದ ಹೈಪರ್-ವಿಯ ನೆರವಿನಿಂದ ಹಗುರವಾದ ಒಂದು ಲಿನಕ್ಸ್ ವರ್ಚುವಲ್ ಮಷೀನ್ ತೆರೆಮರೆಯಲ್ಲಿ ಓಡುತ್ತಿರುತ್ತದೆ. ಮ್ಯಾಕ್‌ನಲ್ಲಿಯೂ ಆಗುವುದು ಇದೇ. ಅಮೆಜಾನ್‌ನ ಇಸಿ2 ಸೇವೆಯಲ್ಲಿ ಈಚಿನ ಮಾದರಿಯ ಒಂದು ಸರ್ವರ್ ಬಾಡಿಗೆಗೆ ಪಡೆದು ‘ಎಲ್‌ಎಸ್‌ಸಿಪಿಯು’ ಆದೇಶ ಕೊಟ್ಟರೆ ಹೈಪರ್‌ವೈಸರ್ ಒದಗಿಸಿದವರು ಯಾರು ಎಂಬ ಸಾಲಿನ ಮುಂದೆ ‘ಕೆವಿಎಂ’ ಎಂದು ಬರುತ್ತದೆ. ಅದೇ ಸೇವೆಯ ಹಳೆಯ ಮಾದರಿಗಳಲ್ಲಿ ‘ಝೆನ್’ ಎಂದಿರುತ್ತದೆ.

ಯಾವುದು ಹಳೆಯದು, ಯಾವುದು ಹೊಸದು ಎಂಬ ಲೆಕ್ಕವೂ ಜನ ಭಾವಿಸಿದಷ್ಟು ಸರಳವಲ್ಲ. ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ತೋರಿಸುವ ಪ್ರಯತ್ನ ಐಬಿಎಂನ ಮೇನ್‌ಫ್ರೇಮ್‌ಗಳಲ್ಲಿ 1960ರ ದಶಕದಲ್ಲೇ ನಡೆದಿತ್ತು. 1972ರಲ್ಲಿ ವಿಎಂ/370 ಎಂಬ ಉತ್ಪನ್ನವಾಗಿ ಅದು ಮಾರುಕಟ್ಟೆಗೂ ಬಂತು. ವರ್ಚುವಲೈಸೇಷನ್‌ಗೆ ಒಗ್ಗಬೇಕಾದರೆ ಪ್ರೊಸೆಸರ್ ಹೇಗಿರಬೇಕು ಎಂಬುದನ್ನು ಪೋಪೆಕ್ ಮತ್ತು ಗೋಲ್ಡ್‌ಬರ್ಗ್ 1974ರಲ್ಲಿ ಗಣಿತದ ಖಚಿತತೆಯಿಂದ ನಿರೂಪಿಸಿದರು. ನಾವು ನೀವು ಬಳಸುವ ಎಕ್ಸ್86 ಪ್ರೊಸೆಸರ್‌ಗಳು ಆ ನಿಯಮಕ್ಕೆ ಹೊಂದುತ್ತಿರಲಿಲ್ಲ. ಅತಿಥಿ ವ್ಯವಸ್ಥೆ, ಅಂದರೆ ವರ್ಚುವಲ್ ಮಷೀನ್‌ನೊಳಗಿನ ಕಾರ್ಯಾಚರಣಾ ವ್ಯವಸ್ಥೆ, ಕೊಡುವ ಕೆಲವು ಸೂಕ್ಷ್ಮ ಆದೇಶಗಳು ಹೈಪರ್‌ವೈಸರ್‌ನ ಗಮನಕ್ಕೆ ಬಾರದೆ ನುಸುಳಿಹೋಗುತ್ತಿದ್ದವು. 1998ರಲ್ಲಿ ಹುಟ್ಟಿದ ವಿಎಂವೇರ್ ಅಂಥ ಆದೇಶಗಳನ್ನು ಓಡುತ್ತಿರುವಾಗಲೇ ಬದಲಾಯಿಸಿ ದಾರಿ ಕಂಡುಕೊಂಡಿತು. 2003ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಹೊರಬಂದ ಝೆನ್ ಅತಿಥಿ ಕರ್ನಲ್ಲನ್ನೇ ತಿದ್ದುವ ಮಾರ್ಗ ಹಿಡಿಯಿತು. 2005 ಮತ್ತು 2006ರಲ್ಲಿ ಇಂಟೆಲ್ ಹಾಗೂ ಎಎಂಡಿ ಪ್ರೊಸೆಸರ್‌ನೊಳಗೇ ಇದಕ್ಕೆ ಬೆಂಬಲ ಕೊಟ್ಟ ಮೇಲೆ, 2007ರಲ್ಲಿ ಕೆವಿಎಂ ಲಿನಕ್ಸ್ ಕರ್ನಲ್ಲಿನ ಭಾಗವಾಯಿತು.

ಕಂಟೇನರ್‌ಗಳ ವಂಶಾವಳಿಯೂ 2013ರ ಡಾಕರ್‌ನಿಂದ ಆರಂಭವಾಗುವುದಿಲ್ಲ. ಒಂದು ಪ್ರಕ್ರಿಯೆಗೆ ಕಾಣುವ ಕಡತಗಳ ಬೇರನ್ನೇ ಬದಲಿಸುವ ‘ಸಿಎಚ್‌ರೂಟ್’ 1979ರ ಯೂನಿಕ್ಸ್‌ನಲ್ಲಿತ್ತು. ಫ್ರೀಬಿಎಸ್‌ಡಿಯ ‘ಜೈಲ್’ 2000ದಲ್ಲಿ ಬಂತು. ಮೆಮೊರಿ ಮತ್ತು ಪ್ರೊಸೆಸರ್ ಬಳಕೆಗೆ ಮಿತಿ ಹಾಕುವ ಸಿಗ್ರೂಪ್ ಎಂಬ ಸೌಲಭ್ಯ 2008ರಲ್ಲಿ ಲಿನಕ್ಸ್ ಕರ್ನಲ್ ಸೇರಿತು. ಡಾಕರ್ ಇವೆಲ್ಲವನ್ನೂ ಬೆಸೆದು, ಇಮೇಜ್ ಎಂಬ ಸಾಗಿಸಲು ಸುಲಭವಾದ ಕಟ್ಟನ್ನು ಕೊಟ್ಟಿತು. ಅದರ ನಿಜವಾದ ಕೊಡುಗೆ ಆ ಕಟ್ಟು ಎಂದು ನನ್ನ ಅಭಿಪ್ರಾಯ. ಪ್ರತ್ಯೇಕತೆಯ ತಂತ್ರ ಮೊದಲೇ ಇತ್ತು.

ಸರ್ವರೇ ಬೇಡ, ಬರೀ ಫಂಕ್ಷನ್ ಬರೆದು ಕೊಡಿ ಎನ್ನುವ ಅಮೆಜಾನ್‌ನ ಲ್ಯಾಂಬ್ಡಾ ಸೇವೆಯ ಕೆಳಗೂ ಫೈರ್‌ಕ್ರ್ಯಾಕರ್ ಎಂಬ ಪುಟ್ಟ ವರ್ಚುವಲ್ ಮಷೀನ್‌ಗಳ ವ್ಯವಸ್ಥೆಯಿದೆ. ಅದನ್ನು 2018ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಲಾಯಿತು. ಅಂಥ ಒಂದು ಯಂತ್ರ ಸುಮಾರು 125 ಮಿಲಿಸೆಕೆಂಡ್‌ನಲ್ಲಿ ಏಳುತ್ತದೆ, ಅದರ ನಿರ್ವಹಣೆಗೆ ತಗಲುವ ಹೆಚ್ಚುವರಿ ಮೆಮೊರಿ 5 ಎಂಬಿಗಿಂತ ಕಡಿಮೆ. ವರ್ಚುವಲ್ ಮಷೀನ್ ಎಂದರೆ ಭಾರ, ನಿಧಾನ ಎಂಬ ಮಾತು ಸಂದರ್ಶನದಲ್ಲಿ ಬಂದರೆ ಈ ಉದಾಹರಣೆ ಹೇಳಿ ನೋಡಿ.

ಪ್ರಶ್ನೆ: ನಮ್ಮ ಜಾವಾ ತಂತ್ರಾಂಶ 8 ಜಿಬಿ ಮೆಮೊರಿಯ ವರ್ಚುವಲ್ ಮಷೀನ್‌ನಲ್ಲಿ ವರ್ಷಗಳಿಂದ ತಕರಾರಿಲ್ಲದೆ ಓಡುತ್ತಿತ್ತು. ವೆಚ್ಚ ಉಳಿಸಲೆಂದು ಅದನ್ನು 2 ಜಿಬಿ ಮಿತಿಯ ಕಂಟೇನರ್‌ಗೆ ವರ್ಗಾಯಿಸಿದೆವು. ಈಗ ಆಗಾಗ ಅದು ಯಾವ ದೋಷ ಸಂದೇಶವನ್ನೂ ದಾಖಲಿಸದೆ ಸಾಯುತ್ತದೆ. ಉಳಿಯುವುದು 137 ಎಂಬ ಸಂಖ್ಯೆ ಮಾತ್ರ. ಪ್ರೋಗ್ರಾಂನಲ್ಲಿ ಒಂದಕ್ಷರವನ್ನೂ ಬದಲಿಸಿಲ್ಲ.
ತಂತ್ರಾಂಶ ಉದ್ಯೋಗಿ, ಬೆಂಗಳೂರು

ಉತ್ತರ: 137 ಎಂದರೆ 128ಕ್ಕೆ 9 ಕೂಡಿಸಿದ್ದು, ಅಂದರೆ ಒಂಬತ್ತನೆಯ ಸಂಕೇತ ಕಳುಹಿಸಿ ಪ್ರಕ್ರಿಯೆಯನ್ನು ಬಲವಂತವಾಗಿ ಕೊನೆಗೊಳಿಸಲಾಗಿದೆ. ನೀವು ವಿವರಿಸಿದ ಪರಿಸ್ಥಿತಿಯಲ್ಲಿ ಕೊಂದದ್ದು ಕರ್ನಲ್ ಇರಬೇಕು, ಕಾರಣ ಮೆಮೊರಿಯ ಮಿತಿ ಮೀರಿದ್ದು. ಹಾಗೆ ಕೊಲ್ಲುವಾಗ ಪ್ರೋಗ್ರಾಂಗೆ ಕೊನೆಯ ಮಾತು ಬರೆಯಲೂ ಅವಕಾಶ ಸಿಗುವುದಿಲ್ಲ.

ವರ್ಚುವಲ್ ಮಷೀನ್‌ಗೆ 8 ಜಿಬಿ ಕೊಟ್ಟರೆ ಒಳಗಿನ ಕರ್ನಲ್‌ಗೆ ಕಾಣುವುದೇ 8 ಜಿಬಿ; ಅದರಾಚೆ ಇನ್ನೊಂದು ಲೋಕವಿದೆ ಎಂಬುದು ಅದಕ್ಕೆ ತಿಳಿಯದು. ಕಂಟೇನರ್‌ನಲ್ಲಿ ಹಾಗಿಲ್ಲ. ನೀವು 2 ಜಿಬಿ ಮಿತಿ ಹಾಕಿದರೂ ಅದರೊಳಗೆ ‘ಫ್ರೀ’ ಆದೇಶ ಕೊಟ್ಟರೆ ಕಂಟೇನರ್ ಇರುವ ಇಡೀ ಯಂತ್ರದ ಮೆಮೊರಿಯೇ, 64 ಜಿಬಿ ಇದ್ದರೆ 64 ಜಿಬಿಯೇ, ಕಾಣುತ್ತದೆ. ಜಾವಾ ತನ್ನ ಹೀಪ್‌ಗೆ (ಪ್ರೋಗ್ರಾಂನ ದತ್ತಾಂಶ ಇಡುವ ಮೆಮೊರಿ ಭಾಗ) ಬೇರೆ ಸೂಚನೆ ಇಲ್ಲದಿದ್ದರೆ ಸಾಮಾನ್ಯವಾಗಿ ಕಂಡ ಮೆಮೊರಿಯ ಕಾಲು ಭಾಗವನ್ನು ಗರಿಷ್ಠ ಮಿತಿಯೆಂದು ಎಣಿಸಿಕೊಳ್ಳುತ್ತದೆ. 64ರ ಕಾಲು ಭಾಗ 16 ಜಿಬಿ. ಕಂಟೇನರ್‌ನ ಮಿತಿ 2 ಜಿಬಿ. ಬಳಸಿ ಬಿಟ್ಟ ಮೆಮೊರಿಯ ಕಸ ಗುಡಿಸುವ ಅವಸರ ಇನ್ನೂ ಬಂದಿಲ್ಲವೆಂದು ಜಾವಾ ನಿಶ್ಚಿಂತೆಯಿಂದ ಬೆಳೆಯುತ್ತಿರುವಾಗಲೇ ಕರ್ನಲ್ ಅದರ ಕುತ್ತಿಗೆ ಹಿಡಿಯುತ್ತದೆ.

2018ರಲ್ಲಿ ಬಂದ ಜಾವಾ 10ರಲ್ಲಿ ಈ ದೋಷ ಸರಿಹೋಯಿತು. ಜಾವಾ 8ರಲ್ಲಿ 191ನೆಯ ಪರಿಷ್ಕರಣೆಯಿಂದ ಅದೇ ತಿದ್ದುಪಡಿ ಲಭ್ಯವಾಯಿತು. ಇಲ್ಲೊಂದು ಎರಡನೆಯ ಗುಂಡಿಯೂ ಇದೆ. ಈಚಿನ ಲಿನಕ್ಸ್ ವಿತರಣೆಗಳು ಸಿಗ್ರೂಪ್‌ನ ಎರಡನೆಯ ಆವೃತ್ತಿಯನ್ನು ಬಳಸುತ್ತವೆ. ಅದನ್ನು ಗುರುತಿಸಲು ಜಾವಾ 8 ಆದರೆ 372, ಜಾವಾ 11 ಆದರೆ 11.0.16 ಅಥವಾ ಅದಕ್ಕಿಂತ ಹೊಸ ಪರಿಷ್ಕರಣೆ ಬೇಕು. ಆದ್ದರಿಂದ ಹಳೆಯ ಸರ್ವರ್‌ನಲ್ಲಿ ಸರಿಯಾಗಿದ್ದ ಕಂಟೇನರ್ ಹೊಸ ಸರ್ವರ್‌ಗೆ ಹೋದ ಕೂಡಲೇ ಸಾಯತೊಡಗಿದ ಉದಾಹರಣೆಗಳು ಸಾಕಷ್ಟಿವೆ. ಜಾವಾದ ಆವೃತ್ತಿ ನೋಡಿ, ನವೀಕರಿಸಿ, ಹೀಪ್‌ನ ಗರಿಷ್ಠ ಪ್ರಮಾಣವನ್ನು ಶೇಕಡಾವಾರು ಆಯ್ಕೆಯಿಂದ ನೀವೇ ನಿಗದಿಪಡಿಸಿ. ಹೀಪ್‌ನ ಹೊರಗೆ ಥ್ರೆಡ್‌ಗಳಿಗೂ ಕ್ಲಾಸ್ ಮಾಹಿತಿಗೂ ಮೆಮೊರಿ ಬೇಕಾಗುವುದರಿಂದ ಮಿತಿಯನ್ನು ಪೂರ್ತಿ ಹೀಪ್‌ಗೇ ಒಪ್ಪಿಸಬೇಡಿ. ಇಷ್ಟೆಲ್ಲ ಮಾಡಿದ ಮೇಲೂ 8 ಜಿಬಿಯಲ್ಲಿ ಸಲೀಸಾಗಿದ್ದ ಪ್ರೋಗ್ರಾಂ 2 ಜಿಬಿಯಲ್ಲಿ ಇಕ್ಕಟ್ಟು ಅನುಭವಿಸಬಹುದು. ಕಂಟೇನರ್ ಉಳಿಸಿಕೊಡುವುದು ಅತಿಥಿ ವ್ಯವಸ್ಥೆಯ ಪಾಲಿನ ಮೆಮೊರಿಯನ್ನು. ನಿಮ್ಮ ಪ್ರೋಗ್ರಾಂನ ಹಸಿವನ್ನು ಅದು ಕಡಿಮೆ ಮಾಡುವುದಿಲ್ಲ.

ಪ್ರಶ್ನೆ: ನಮ್ಮದು ಅಡಿಕೆ ವಹಿವಾಟಿನ ಒಂದು ಸಹಕಾರ ಸಂಘ. ಮೂರು ಸರ್ವರ್‌ಗಳ ಮೇಲೆ ಹನ್ನೆರಡು ವರ್ಚುವಲ್ ಮಷೀನ್‌ಗಳಿವೆ. ಈ ಬಾರಿ ವರ್ಚುವಲೈಸೇಷನ್ ತಂತ್ರಾಂಶದ ನವೀಕರಣಕ್ಕೆ ಬಂದ ದರಪಟ್ಟಿ ನಮ್ಮ ಅಂದಾಜನ್ನು ಬಹಳ ಮೀರಿದೆ. ಒಬ್ಬ ಸರಬರಾಜುದಾರರು ಎಲ್ಲವನ್ನೂ ಕ್ಲೌಡ್‌ಗೆ ಒಯ್ಯಿರಿ ಎನ್ನುತ್ತಾರೆ, ಇನ್ನೊಬ್ಬರು ಕಂಟೇನರ್ ಮಾಡಿಬಿಡಿ ಎನ್ನುತ್ತಾರೆ. ಒಂದು ಯಂತ್ರದಲ್ಲಿ ವಿಂಡೋಸ್ ಸರ್ವರ್ 2008 ಆರ್2 ಮೇಲೆ ಓಡುವ ಹಳೆಯ ಲೆಕ್ಕಪತ್ರದ ತಂತ್ರಾಂಶವಿದೆ. ಅದನ್ನು ಬರೆದವರು ಈಗ ಸಂಪರ್ಕಕ್ಕೆ ಸಿಗುವುದಿಲ್ಲ. ಅದರ ಕನ್ನಡ ದಾಖಲೆಗಳು ಯೂನಿಕೋಡ್‌ಗಿಂತ ಹಿಂದಿನ ಫಾಂಟ್‌ನಲ್ಲಿವೆ. ಬಳಕೆಯ ಅನುಮತಿ ತೋರುವ ಪುಟ್ಟ ಯುಎಸ್‌ಬಿ ಸಾಧನ, ಅಂದರೆ ಡಾಂಗಲ್, ಚುಚ್ಚಿರದಿದ್ದರೆ ಅದು ತೆರೆಯುವುದೇ ಇಲ್ಲ. ಏನು ಮಾಡಬೇಕು?
ಕಂಪ್ಯೂಟರ್ ವಿಭಾಗದ ಉಸ್ತುವಾರಿ, ಶಿವಮೊಗ್ಗ

ಉತ್ತರ: ನಿಮ್ಮ ಮುಂದಿರುವುದು ಎರಡು ಬೇರೆ ಪ್ರಶ್ನೆಗಳು, ಸರಬರಾಜುದಾರರು ಅವನ್ನು ಒಂದು ಮಾಡಿದ್ದಾರೆ. ಯಾವ ಕಂಪನಿಯ ಹೈಪರ್‌ವೈಸರ್ ಬಳಸಬೇಕು ಎಂಬುದು ಒಂದು; ವರ್ಚುವಲ್ ಮಷೀನ್ ಬೇಕೇ ಬೇಡವೇ ಎಂಬುದು ಇನ್ನೊಂದು. ದರ ಏರಿದೆ ಎಂಬ ಕಾರಣಕ್ಕೆ ಎರಡನೆಯದನ್ನು ಕೈಬಿಡಬೇಕಿಲ್ಲ.

ನೀವು ಬಳಸುವ ತಂತ್ರಾಂಶ ಯಾವುದೆಂದು ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಈ ಮಾರುಕಟ್ಟೆಯಲ್ಲಿ ಈಚೆಗೆ ಆದ ದೊಡ್ಡ ಬದಲಾವಣೆ ಎಲ್ಲರಿಗೂ ತಿಳಿದದ್ದೇ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಂ ಕಂಪನಿ ವಿಎಂವೇರ್ ಅನ್ನು ಪೂರ್ತಿಯಾಗಿ ಕೊಂಡಿತು. ಮರುತಿಂಗಳೇ ಒಮ್ಮೆ ಕೊಂಡರೆ ಶಾಶ್ವತವಾಗಿ ಬಳಸಬಹುದಾದ ಲೈಸೆನ್ಸ್‌ಗಳ ಮಾರಾಟ ನಿಂತು, ಚಂದಾ ಪದ್ಧತಿ ಬಂತು. ಪ್ರೊಸೆಸರ್‌ನ ಕೋರ್‌ಗಳ ಎಣಿಕೆಯ ಮೇಲೆ ದರ ಕಟ್ಟುವುದರಿಂದ, ಮತ್ತು ಒಂದು ಪ್ರೊಸೆಸರ್‌ಗೆ ಕನಿಷ್ಠ 16 ಕೋರ್ ಎಂದು ಲೆಕ್ಕ ಹಿಡಿಯುವುದರಿಂದ, ಸಣ್ಣ ಪ್ರೊಸೆಸರ್ ಇರುವ ಹಳೆಯ ಸರ್ವರ್‌ಗಳ ಮಾಲೀಕರಿಗೆ ಹೊರೆ ಹೆಚ್ಚಿತು. ಇದರಿಂದ ಎಲ್ಲ ಕಡೆ ಪರ್ಯಾಯಗಳ ಹುಡುಕಾಟ ನಡೆದಿದೆ.

ಮೊದಲು ಹಳೆಯ ಲೆಕ್ಕಪತ್ರದ ಯಂತ್ರವನ್ನೇ ನೋಡೋಣ, ಏಕೆಂದರೆ ಉಳಿದ ನಿರ್ಧಾರಗಳೆಲ್ಲ ಅದಕ್ಕೆ ಜೋತುಬಿದ್ದಿವೆ. ಅದನ್ನು ಲಿನಕ್ಸ್ ಕಂಟೇನರ್‌ಗೆ ಒಯ್ಯಲು ಸಾಧ್ಯವೇ ಇಲ್ಲ. ವಿಂಡೋಸ್ ಕಂಟೇನರ್ ಎಂಬುದು 2016ರ ಸರ್ವರ್ ಆವೃತ್ತಿಯಿಂದ ಇದೆಯಾದರೂ ಅದು ಪರದೆಯ ಮೇಲೆ ಕಿಟಕಿ ತೆರೆದು ಕೆಲಸ ಮಾಡಿಸುವ ಪ್ರೋಗ್ರಾಂಗಳಿಗೆ ರೂಪಿಸಿದ್ದಲ್ಲ. ಕ್ಲೌಡ್‌ಗೆ ಒಯ್ದರೆ ಡಾಂಗಲ್ ಎಲ್ಲಿ ಚುಚ್ಚುತ್ತೀರಿ? ಯುಎಸ್‌ಬಿಯನ್ನು ಜಾಲದ ಮೂಲಕ ಕಳುಹಿಸುವ ಸಾಧನಗಳಿವೆ, ಆದರೆ ಹಂಗಾಮಿನ ನಡುವೆ ಇಂಟರ್‌ನೆಟ್ ಕೈಕೊಟ್ಟರೆ ತೂಕದ ಚೀಟಿ ಬರೆಯುವ ಕೆಲಸವೇ ನಿಲ್ಲುವಂತಾಗುವುದು ಯಾರಿಗೂ ಬೇಡ. ಆ ಆವೃತ್ತಿಗೆ ಮೈಕ್ರೋಸಾಫ್ಟ್‌ನ ವಿಸ್ತೃತ ಬೆಂಬಲವೂ 2020ರ ಜನವರಿ 14ರಂದೇ ಮುಗಿದಿದೆ. ಹೊಸ ಭದ್ರತಾ ತೇಪೆಗಳು ಬರುವುದಿಲ್ಲ. ಇಂಥ ವೃದ್ಧ ವ್ಯವಸ್ಥೆಯನ್ನು ಇನ್ನಷ್ಟು ಕಾಲ ಸುರಕ್ಷಿತವಾಗಿ ನಡೆಸಿಕೊಂಡು ಹೋಗಲು ವರ್ಚುವಲ್ ಮಷೀನ್‌ಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅದರ ನಂಬಿಕೆಗೆ ಹಳೆಯ ಯಂತ್ರಾಂಶವನ್ನೇ ತೋರಿಸುತ್ತ ಕೆಳಗೆ ಹೊಸ ಸರ್ವರ್ ಇರಿಸಬಹುದು; ಹೈಪರ್‌ವೈಸರ್‌ನ ಜಾಲದಲ್ಲೇ ಬೇಲಿ ಹಾಕಿ, ಅದು ಇಂಟರ್‌ನೆಟ್ಟನ್ನು ಮುಟ್ಟದಂತೆ, ಲೆಕ್ಕ ವಿಭಾಗದ ಕಂಪ್ಯೂಟರ್‌ಗಳು ಮಾತ್ರ ಅದನ್ನು ಮುಟ್ಟುವಂತೆ ಮಾಡಬಹುದು. ಈ ಕೊನೆಯ ಕೆಲಸವನ್ನು ಇದುವರೆಗೆ ಮಾಡಿಲ್ಲವಾದರೆ ದರಪಟ್ಟಿಯ ಚರ್ಚೆಗೂ ಮೊದಲು ಮಾಡಿ.

ಹೈಪರ್‌ವೈಸರ್ ಬದಲಿಸುವುದಾದರೆ ನಿಮ್ಮ ಗಾತ್ರಕ್ಕೆ ಎರಡು ದಾರಿಗಳು ಸಹಜವಾಗಿವೆ. ಉಳಿದ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ ಆಗಿದ್ದರೆ ಮೈಕ್ರೋಸಾಫ್ಟ್‌ನ ಹೈಪರ್-ವಿ ನೋಡಿ. ವಿಂಡೋಸ್ ಸರ್ವರ್‌ನ ಸ್ಟ್ಯಾಂಡರ್ಡ್ ಲೈಸೆನ್ಸ್ ಒಂದು ಸರ್ವರ್‌ನಲ್ಲಿ ಎರಡು ವಿಂಡೋಸ್ ವರ್ಚುವಲ್ ಮಷೀನ್‌ಗೆ, ಡೇಟಾಸೆಂಟರ್ ಲೈಸೆನ್ಸ್ ಎಷ್ಟಾದರೂ ಮಷೀನ್‌ಗೆ ಅನ್ವಯಿಸುತ್ತದೆ. ಲಿನಕ್ಸ್ ಬಲ್ಲವರು ಕೈಗೆ ಸಿಗುವುದಾದರೆ, ವಿಯೆನ್ನಾ ಮೂಲದ ಕಂಪನಿಯೊಂದು 2008ರಿಂದ ಹೊರತರುತ್ತಿರುವ ಪ್ರಾಕ್ಸ್‌ಮಾಕ್ಸ್ ನೋಡಿ. ಅದು ಡೆಬಿಯನ್ ಮೇಲೆ ಕಟ್ಟಿದ್ದು, ವರ್ಚುವಲ್ ಮಷೀನ್‌ಗೆ ಕೆವಿಎಂ, ಕಂಟೇನರ್‌ಗೆ ಎಲ್‌ಎಕ್ಸ್‌ಸಿ ಎರಡನ್ನೂ ಒಂದೇ ಪರದೆಯಿಂದ ನಡೆಸುತ್ತದೆ. ತಂತ್ರಾಂಶ ಮುಕ್ತ, ಬೆಂಬಲ ಬೇಕಿದ್ದರೆ ಮಾತ್ರ ಪ್ರೊಸೆಸರ್ ಲೆಕ್ಕದಲ್ಲಿ ಚಂದಾ. ನಿಮ್ಮಲ್ಲಿ ಸರಿಯಾಗಿ ಮೂರು ಸರ್ವರ್‌ಗಳಿರುವುದು ಇಲ್ಲಿ ಅನುಕೂಲ, ಏಕೆಂದರೆ ಒಂದು ಕೆಟ್ಟಾಗ ಉಳಿದ ಎರಡರ ಬಹುಮತದಿಂದ ಕ್ಲಸ್ಟರ್ (ಒಟ್ಟಾಗಿ ದುಡಿಯುವ ಸರ್ವರ್‌ಗಳ ಗುಂಪು) ನಡೆಯುತ್ತದೆ; ಎರಡೇ ಇದ್ದಿದ್ದರೆ ಆ ಬಹುಮತಕ್ಕೆ ಬೇರೆ ವ್ಯವಸ್ಥೆ ಬೇಕಾಗುತ್ತಿತ್ತು.

ಸ್ಥಳಾಂತರದಲ್ಲಿ ಹೆಚ್ಚಿನವರು ಎಡವುವ ಜಾಗವೊಂದನ್ನು ಹೇಳಿಬಿಡುತ್ತೇನೆ. ಡಿಸ್ಕ್ ಕಡತವನ್ನು ಹೊಸ ಬಗೆಗೆ ಪರಿವರ್ತಿಸುವುದು ಸುಲಭ. ಆದರೆ ಕೆವಿಎಂನಲ್ಲಿ ಡಿಸ್ಕ್ ವೇಗವಾಗಿ ಓಡಲು ಬೇಕಾದ ವರ್ಟಿಯೋ ಚಾಲಕ (ಡ್ರೈವರ್) ಹಳೆಯ ವಿಂಡೋಸ್‌ನೊಳಗೆ ಇರುವುದಿಲ್ಲ. ಆ ಬಗೆಯ ಡಿಸ್ಕ್ ಎಂದು ಜೋಡಿಸಿದರೆ ವಿಂಡೋಸ್ ಅರ್ಧಕ್ಕೆ ಎದ್ದು ನೀಲಿ ಪರದೆ ತೋರಿಸಿ ಬೀಳುತ್ತದೆ. ಮೊದಲು ಆ ಡಿಸ್ಕನ್ನು ಹಳೆಯ ಮಾದರಿಯ ಐಡಿಇ ಅಥವಾ ಸಾಟಾ ಎಂದು ಜೋಡಿಸಿ ಯಂತ್ರವನ್ನು ಎಬ್ಬಿಸಿ. ಜೊತೆಗೆ 1 ಜಿಬಿಯ ಖಾಲಿ ಡಿಸ್ಕ್ ಒಂದನ್ನು ವರ್ಟಿಯೋ ಎಂದು ಸೇರಿಸಿ. ವಿಂಡೋಸ್ ಅದಕ್ಕೆ ಚಾಲಕ ಕೇಳಿದಾಗ ಅಳವಡಿಸಿ. ಆಮೇಲೆ ಯಂತ್ರ ನಿಲ್ಲಿಸಿ ಮುಖ್ಯ ಡಿಸ್ಕನ್ನೂ ವರ್ಟಿಯೋಗೆ ಬದಲಿಸಿ. ಚಾಲಕಗಳ ಈಚಿನ ಆವೃತ್ತಿಗಳು 2008 ಆರ್2 ಅನ್ನು ಕೈಬಿಟ್ಟಿರುವುದರಿಂದ ಹಳೆಯ ಆವೃತ್ತಿಯನ್ನೇ ಹುಡುಕಬೇಕಾಗುತ್ತದೆ. ಡಾಂಗಲ್ ಚುಚ್ಚಿರುವ ಸರ್ವರ್‌ಗೆ ಆ ವರ್ಚುವಲ್ ಮಷೀನ್ ಕಟ್ಟುಬೀಳುತ್ತದೆ ಎಂಬುದೂ ನೆನಪಿರಲಿ; ಓಡುತ್ತಿರುವಾಗಲೇ ಬೇರೆ ಸರ್ವರ್‌ಗೆ ದಾಟಿಸುವ ಸೌಲಭ್ಯ ಅದಕ್ಕೆ ಸಿಗದು.

ಇನ್ನು ಕ್ಲೌಡ್ ಮತ್ತು ಕಂಟೇನರ್‌ಗೆ ನಿಮ್ಮಲ್ಲಿ ಜಾಗವೇ ಇಲ್ಲವೆಂದಲ್ಲ. ಸದಸ್ಯರು ಮೊಬೈಲ್‌ನಲ್ಲಿ ದರ, ಜಮೆ, ಬಾಕಿ ನೋಡುವ ಜಾಲತಾಣ ಇದ್ದರೆ, ಅದರ ಮೇಲಿನ ಒತ್ತಡ ಕೊಯ್ಲಿನ ತಿಂಗಳುಗಳಲ್ಲಿ ಏರಿ ಮಳೆಗಾಲದಲ್ಲಿ ಇಳಿಯುತ್ತದೆ. ಏರಿಳಿತವಿರುವ, ತನ್ನೊಳಗೆ ದಾಖಲೆ ಇಟ್ಟುಕೊಳ್ಳದ ಇಂಥ ಭಾಗವನ್ನು ಕಂಟೇನರ್ ಮಾಡಿ ಕ್ಲೌಡ್‌ನಲ್ಲಿ ಇಡುವುದು ಸರಿಯಾದ ಲೆಕ್ಕ. ಅಮೆಜಾನ್‌ನ ಕೇಂದ್ರಗಳು ಮುಂಬೈನಲ್ಲಿ 2016ರಿಂದ, ಹೈದರಾಬಾದಿನಲ್ಲಿ 2022ರಿಂದ ಇವೆ, ಇತರ ಕಂಪನಿಗಳದ್ದೂ ದೇಶದೊಳಗಿವೆ. ವರ್ಷವಿಡೀ ಹಗಲಿರುಳು ಒಂದೇ ಸಮನೆ ಓಡುವ ಡೇಟಾಬೇಸನ್ನು ಮಾತ್ರ ಗಂಟೆಯ ಬಾಡಿಗೆಗೆ ಒಪ್ಪಿಸುವ ಮೊದಲು, ಡಿಸ್ಕ್, ಬ್ಯಾಕಪ್ ಮತ್ತು ಹೊರಗೆ ಹೋಗುವ ದತ್ತಾಂಶದ ಶುಲ್ಕ ಸೇರಿಸಿ ಐದು ವರ್ಷಗಳ ಒಟ್ಟು ಮೊತ್ತವನ್ನು ಬರೆದುಕೊಡಿ ಎಂದು ಸರಬರಾಜುದಾರರನ್ನು ಕೇಳಿ.

ಪ್ರಶ್ನೆ: ನಮ್ಮ ವಿಭಾಗಕ್ಕೆ 128 ಜಿಬಿ ಮೆಮೊರಿಯ ಒಂದು ಸರ್ವರ್ ಬಂದಿದೆ. 60 ವಿದ್ಯಾರ್ಥಿಗಳಿಗೆ ಲಿನಕ್ಸ್ ಪ್ರಯೋಗಗಳಿಗಾಗಿ ಆಡಳಿತಾಧಿಕಾರ, ಅಂದರೆ ರೂಟ್ ಅಧಿಕಾರ, ಕೊಡಬೇಕಾಗಿದೆ. ಎಲ್ಲರನ್ನೂ ಡಾಕರ್ ಗುಂಪಿಗೆ ಸೇರಿಸಿ ತಲಾ ಒಂದು ಕಂಟೇನರ್ ಕೊಟ್ಟರೆ ಸಾಕಲ್ಲವೇ?
ಪ್ರಾಧ್ಯಾಪಕರು, ಧಾರವಾಡ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಸಾಮಾನ್ಯ ಅಳವಡಿಕೆಯಲ್ಲಿ ಡಾಕರ್ ಗುಂಪಿಗೆ ಸೇರಿಸುವುದೆಂದರೆ ಸರ್ವರ್‌ನ ರೂಟ್ ಅಧಿಕಾರವನ್ನೇ ಕೊಟ್ಟಂತೆ. ಸರ್ವರ್‌ನ ಇಡೀ ಕಡತ ವ್ಯವಸ್ಥೆಯನ್ನು ತನ್ನ ಕಂಟೇನರ್‌ನೊಳಗೆ ಒಂದು ಕಡತಕೋಶವಾಗಿ ಜೋಡಿಸಿಕೊಳ್ಳಲು ವಿದ್ಯಾರ್ಥಿಗೆ ಒಂದೇ ಸಾಲಿನ ಆದೇಶ ಸಾಕು. ಅಲ್ಲಿಂದ ಪಾಸ್‌ವರ್ಡ್ ಕಡತದವರೆಗೆ ಎಲ್ಲವೂ ತೆರೆದ ಬಾಗಿಲು. ಇದು ದೋಷವಲ್ಲ, ಡಾಕರ್‌ನ ವಿನ್ಯಾಸವೇ ಹಾಗಿದೆ.

ಕಂಟೇನರ್‌ಗಳು ಹಳೆಯ ಬೆಂಗಳೂರು, ಮೈಸೂರುಗಳ ವಠಾರದ ಮನೆಗಳಂತೆ. ಬಾಗಿಲು, ಬೀಗ ಬೇರೆ ಬೇರೆ, ಬಾವಿ ಒಂದೇ. ಆ ಬಾವಿ ಇಲ್ಲಿ ಕರ್ನಲ್. ನೂರಾರು ಸಿಸ್ಟಂ ಕರೆಗಳ ಮೂಲಕ ಪ್ರತಿಯೊಂದು ಕಂಟೇನರ್ ಆ ಒಂದೇ ಕರ್ನಲ್‌ನೊಂದಿಗೆ ನೇರವಾಗಿ ವ್ಯವಹರಿಸುತ್ತದೆ. ಅದರಲ್ಲೊಂದು ಬಿರುಕು ಸಿಕ್ಕರೆ ಎಲ್ಲರ ಗೋಡೆಯೂ ಬಿತ್ತು. 2019ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದ ಲೋಪವೊಂದರಲ್ಲಿ, ಕಂಟೇನರ್‌ಗಳನ್ನು ಎಬ್ಬಿಸುವ ರನ್‌ಸಿ ಎಂಬ ಪ್ರೋಗ್ರಾಂ ಅನ್ನೇ ಒಳಗಿನಿಂದ ತಿದ್ದಿ ಬರೆದು ಹೊರಗಿನ ರೂಟ್ ಅಧಿಕಾರ ಪಡೆಯಬಹುದಾಗಿತ್ತು. 2024ರ ಜನವರಿಯಲ್ಲಿ ಅದೇ ರನ್‌ಸಿಯಲ್ಲಿ ಇನ್ನೊಂದು ಲೋಪ ಹೊರಬಿತ್ತು. ಹಾಗೆಂದು ವರ್ಚುವಲ್ ಮಷೀನ್ ಉಕ್ಕಿನ ಕೋಟೆಯೇನಲ್ಲ. 2015ರಲ್ಲಿ ಪತ್ತೆಯಾದ ವೆನಮ್ ಎಂಬ ಲೋಪ ವರ್ಚುವಲ್ ಮಷೀನ್‌ಗೆ ಯಂತ್ರಾಂಶವನ್ನು ಅನುಕರಿಸಿ ತೋರಿಸುವ ಕ್ಯೂಎಂಯು ಎಂಬ ಪ್ರೋಗ್ರಾಂನ ಫ್ಲಾಪಿ ಡಿಸ್ಕ್ ಭಾಗದಲ್ಲಿತ್ತು. ಯಾರೂ ಫ್ಲಾಪಿ ಬಳಸದ ಕಾಲದಲ್ಲಿ ಆ ಕಿಂಡಿ ಸುಮ್ಮನೆ ತೆರೆದಿತ್ತು. ಆದರೂ ಹೈಪರ್‌ವೈಸರ್ ಅತಿಥಿಗೆ ತೋರಿಸುವ ಮುಖ ಕರ್ನಲ್ ತೋರಿಸುವ ಮುಖಕ್ಕಿಂತ ಬಹಳ ಚಿಕ್ಕದಾದ್ದರಿಂದ ಕಾವಲು ಸುಲಭ. ಪರಸ್ಪರ ಪರಿಚಯವಿಲ್ಲದ ಗ್ರಾಹಕರನ್ನು ಒಂದೇ ಯಂತ್ರದಲ್ಲಿ ಕೂರಿಸುವ ದೊಡ್ಡ ಕ್ಲೌಡ್ ಕಂಪನಿಗಳು ಬರಿಯ ಕಂಟೇನರ್ ಗೋಡೆಯನ್ನು ನಂಬಿ ಕೂರುವುದಿಲ್ಲ. ಪ್ರತಿ ಕಂಟೇನರ್‌ಗೂ ಪುಟ್ಟ ವರ್ಚುವಲ್ ಮಷೀನ್ ಹೊದಿಸುವ ಕಾಟಾ, ಕರ್ನಲ್‌ಗೂ ಕಂಟೇನರ್‌ಗೂ ನಡುವೆ ಇನ್ನೊಂದು ಪದರ ಇಡುವ ಗೂಗಲ್‌ನ ಜಿವೈಸರ್ ಹುಟ್ಟಿದ್ದು ಇದೇ ಅಗತ್ಯದಿಂದ.

ನಿಮ್ಮ ಲೆಕ್ಕಕ್ಕೆ ಬರೋಣ. ಪರದೆಯ ಅಲಂಕಾರವಿಲ್ಲದ ಲಿನಕ್ಸ್‌ಗೆ 1 ಜಿಬಿ ಧಾರಾಳ. 60 ಜನರಿಗೆ 60 ಜಿಬಿ. ನಿಮ್ಮ ಸರ್ವರ್‌ನಲ್ಲಿ ಅದಕ್ಕೂ ಮಿಕ್ಕಿ ಅರ್ಧ ಉಳಿಯುತ್ತದೆ. ಒಂದು ಮಾದರಿ ಯಂತ್ರ ಸಿದ್ಧಪಡಿಸಿ ಅದರ ತೆಳು ಪ್ರತಿಗಳನ್ನು ತೆಗೆದರೆ ಡಿಸ್ಕ್ ಕೂಡ ಹೆಚ್ಚು ಬೇಡ, ಮತ್ತು ಎಲ್ಲರ ಕರ್ನಲ್ಲೂ ಒಂದೇ ಆವೃತ್ತಿಯದಾಗಿರುವುದರಿಂದ ಒಂದೇ ಬಗೆಯ ಮೆಮೊರಿ ಪುಟಗಳನ್ನು ಒಟ್ಟುಗೂಡಿಸುವ ಸೌಲಭ್ಯ ಕೆವಿಎಂನಲ್ಲಿದೆ. ಕರ್ನಲ್ ಮಾಡ್ಯೂಲ್ ಬರೆಯುವ ಪ್ರಯೋಗ ಪಠ್ಯದಲ್ಲಿದ್ದರಂತೂ ಬೇರೆ ಮಾತೇ ಇಲ್ಲ. ಕಂಟೇನರ್‌ನೊಳಗಿಂದ ಮಾಡ್ಯೂಲ್ ಹಾಕಲು ಬಿಟ್ಟರೆ ಒಬ್ಬರ ತಪ್ಪಿಗೆ ಅರವತ್ತು ಜನರ ಪರದೆ ಕಪ್ಪಾಗುತ್ತದೆ. ಡಾಕರ್ ಕಲಿಸಬೇಕೇ? ಆ ವರ್ಚುವಲ್ ಮಷೀನ್‌ನೊಳಗೆ ಅವರವರೇ ಅಳವಡಿಸಿಕೊಳ್ಳಲಿ.

ಪ್ರಶ್ನೆ: ನಮ್ಮ ಸ್ವಂತ ಡೇಟಾ ಸೆಂಟರ್‌ನಲ್ಲಿ ಕುಬರ್ನೆಟಿಸ್ ನಡೆಸಲು ಹೊರಟಿದ್ದೇವೆ. ವರ್ಚುವಲ್ ಮಷೀನ್ ಪದರ ತೆಗೆದು ನೇರವಾಗಿ ಸರ್ವರ್‌ಗಳ ಮೇಲೆ ಹಾಕುವುದೇ ಲೇಸು ಎಂದು ನನ್ನ ಸಹೋದ್ಯೋಗಿಗಳ ವಾದ. ನಿಮ್ಮ ಅಭಿಪ್ರಾಯ?
ಎಂಜಿನಿಯರ್, ಪುಣೆ

ಉತ್ತರ: ಯಂತ್ರ ಕಲಿಕೆಯ ಭಾರಿ ಲೆಕ್ಕಾಚಾರಕ್ಕೆ, ಜಿಪಿಯು ತುಂಬಿದ ಸರ್ವರ್‌ಗಳಿಗೆ, ಡಿಸ್ಕ್ ವೇಗವೇ ಪ್ರಾಣವಾದ ಡೇಟಾಬೇಸ್‌ಗಳಿಗೆ ನಿಮ್ಮ ಸಹೋದ್ಯೋಗಿಗಳ ವಾದ ಒಪ್ಪತಕ್ಕದ್ದು. ಸಾಮಾನ್ಯ ಜಾಲ ಸೇವೆಗಳಿಗೆ ನಾನು ಒಪ್ಪುವುದಿಲ್ಲ. ಕುಬರ್ನೆಟಿಸ್ ತಾನಾಗಿ ಒಂದು ನೋಡ್‌ಗೆ (ಅದರ ಗುಂಪಿನ ಒಂದು ಯಂತ್ರ) 110 ಪಾಡ್‌ಗಳ (ಒಟ್ಟಿಗೆ ಓಡುವ ಕಂಟೇನರ್‌ಗಳ ಕಟ್ಟು) ಮಿತಿ ಇಟ್ಟುಕೊಳ್ಳುತ್ತದೆ. 128 ಕೋರ್‌ಗಳ ಸರ್ವರನ್ನು ಒಂದೇ ನೋಡ್ ಮಾಡಿದರೆ ಸಣ್ಣ ಪಾಡ್‌ಗಳಿಂದ ಅದನ್ನು ತುಂಬಿಸಲೂ ಆಗದು. ಮಿತಿಯನ್ನು ಏರಿಸಬಹುದು ನಿಜ, ಆದರೆ ಕರ್ನಲ್ ನವೀಕರಣಕ್ಕೆಂದು ಆ ಒಂದು ಸರ್ವರ್ ನಿಲ್ಲಿಸಿದಾಗ ನೂರಾರು ಪಾಡ್‌ಗಳಿಗೆ ಒಮ್ಮೆಗೇ ಬೇರೆ ಜಾಗ ಹುಡುಕಬೇಕಾಗುತ್ತದೆ.

ವರ್ಚುವಲ್ ಮಷೀನ್ ಮೇಲೆ ಹಾಕುವವರಿಗೂ ಒಂದು ಎಚ್ಚರಿಕೆ ಇದೆ. ಕುಬರ್ನೆಟಿಸ್‌ನ ಸ್ಥಿತಿಯನ್ನೆಲ್ಲ ಇಟ್ಟುಕೊಳ್ಳುವ ಎಟ್‌ಸಿಡಿಗೆ ಮೂರು ಸದಸ್ಯರಿದ್ದರೆ ಇಬ್ಬರಾದರೂ ಬದುಕಿರಬೇಕು. ಮೂರಕ್ಕೆ ಮೂರು ವರ್ಚುವಲ್ ಮಷೀನ್ ಮಾಡಿ, ಹೈಪರ್‌ವೈಸರ್ ಅವನ್ನು ಎಲ್ಲಿ ಇರಿಸಿದೆ ಎಂದು ನೋಡದಿದ್ದರೆ, ಮೂರೂ ಒಂದೇ ಭೌತಿಕ ಸರ್ವರ್‌ನಲ್ಲಿ ಕುಳಿತಿರಬಹುದು. ಕಾಗದದ ಮೇಲೆ ಮೂರು ಪಟ್ಟು ಭದ್ರತೆ, ವಾಸ್ತವದಲ್ಲಿ ಒಂದು ವಿದ್ಯುತ್ ಸರಬರಾಜಿನ ಭಾಗ್ಯ. ಒಂದೇ ಕಡೆ ಕೂರಬಾರದೆಂಬ ನಿಯಮವನ್ನು ಹೈಪರ್‌ವೈಸರ್‌ನಲ್ಲೇ ಬರೆದಿಡಿ.

ಇದರ ತಿರುವು ಮುರುವೂ ಈಗ ಚಾಲ್ತಿಯಲ್ಲಿದೆ. ಕ್ಯೂಬ್‌ವರ್ಟ್ ಎಂಬ ಯೋಜನೆ ವರ್ಚುವಲ್ ಮಷೀನ್‌ಗಳನ್ನೇ ಕುಬರ್ನೆಟಿಸ್‌ನೊಳಗೆ ಓಡಿಸುತ್ತದೆ. ಪ್ರತಿಯೊಂದು ವರ್ಚುವಲ್ ಮಷೀನ್‌ಗೂ ಒಂದು ಪಾಡ್, ಅದರೊಳಗೆ ಕ್ಯೂಎಂಯು ಪ್ರಕ್ರಿಯೆ. ಹೊಸ ಸೇವೆಗಳೆಲ್ಲ ಕುಬರ್ನೆಟಿಸ್‌ಗೆ ಬಂದು ಬೆರಳೆಣಿಕೆಯ ಹಳೆಯ ಯಂತ್ರಗಳು ಮಾತ್ರ ಉಳಿದಿರುವ ಸಂಸ್ಥೆಗೆ ಇದು ಒಪ್ಪುತ್ತದೆ. ಮುನ್ನೂರು ವರ್ಚುವಲ್ ಮಷೀನ್ ಇದ್ದು ಕುಬರ್ನೆಟಿಸ್ ಬಲ್ಲವರು ಒಬ್ಬರೇ ಇರುವ ಸಂಸ್ಥೆಗೆ ನಾನಂತೂ ಸಲಹೆ ಮಾಡಲಾರೆ.

ಪ್ರಶ್ನೆ: ಕ್ಲೌಡ್‌ನಲ್ಲಿ ಪ್ರಯೋಗಕ್ಕೆಂದು ಪಡೆದ ವರ್ಚುವಲ್ ಮಷೀನನ್ನು ಕೆಲಸವಾದ ಕೂಡಲೇ ಶಟ್‌ಡೌನ್ ಮಾಡಿದ್ದೇನೆ. ಆದರೂ ತಿಂಗಳ ಕೊನೆಗೆ ಬಿಲ್ ಬಂದಿದೆ. ಇದು ಸರಿಯೇ?
ಓದುಗ, ಉಡುಪಿ

ಉತ್ತರ: ಸರಿಯೇ ಇರಬಹುದು. ಯಂತ್ರ ಮಲಗಿದರೂ ಅದರ ಡಿಸ್ಕ್ ನಿಮ್ಮ ಹೆಸರಿನಲ್ಲೇ ಇರುತ್ತದೆ, ಅದಕ್ಕೆ ಬಾಡಿಗೆ ಓಡುತ್ತಲೇ ಇರುತ್ತದೆ. ಕಾಯ್ದಿರಿಸಿದ ಸಾರ್ವಜನಿಕ ಐಪಿ ವಿಳಾಸಕ್ಕೂ ಹಣ ಬೀಳುತ್ತದೆ. ಅಮೆಜಾನ್‌ನಲ್ಲಿ 2024ರ ಫೆಬ್ರವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್. ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ ಅಜೂರ್‌ನಲ್ಲಾದರೆ, ವಿಂಡೋಸ್ ಅಥವಾ ಲಿನಕ್ಸ್‌ನೊಳಗಿಂದ ಶಟ್‌ಡೌನ್ ಕೊಟ್ಟ ಯಂತ್ರ ‘ನಿಂತಿದೆ’ ಎಂದು ತೋರಿಸಿದರೂ ಪ್ರೊಸೆಸರ್ ಮತ್ತು ಮೆಮೊರಿ ನಿಮಗೇ ಮೀಸಲಾಗಿರುತ್ತವೆ, ಅವುಗಳ ಶುಲ್ಕವೂ ಸೇರುತ್ತದೆ. ಅಲ್ಲಿನ ನಿಯಂತ್ರಣ ಪುಟಕ್ಕೆ ಹೋಗಿ ನಿಲ್ಲಿಸಿ, ‘ಡೀಅಲೊಕೇಟೆಡ್’ ಎಂಬ ಸ್ಥಿತಿ ಬರುವವರೆಗೆ ಕಾಯಿರಿ. ಇನ್ನು ಬೇಡವೇ ಬೇಡ ಎಂದಾದರೆ ಯಂತ್ರದ ಜೊತೆಗೆ ಅದರ ಡಿಸ್ಕ್, ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಉಳಿಸಿಟ್ಟ ಪ್ರತಿ) ಮತ್ತು ಐಪಿ ವಿಳಾಸವನ್ನೂ ಒಂದೊಂದಾಗಿ ನೋಡಿ ಅಳಿಸಬೇಕು. ಯಂತ್ರ ಅಳಿಸಿದರೆ ಅವೂ ತಾವಾಗಿ ಅಳಿಯುತ್ತವೆ ಎಂದು ನಂಬಬೇಡಿ.